ಕಳುವಾದದ್ದು ಬರೀ ಸೈಲೆನ್ಸರ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ನಗರ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಬಂದಿತ್ತು. ಮೈಸೂರಿನ ಜೆ.ಪಿ. ನಗರದಲ್ಲಿ ಮನೆ ಮುಂದೆ ನಿಲ್ಲಿಸಿದ್ದ ಶಾಲಾ ವಾಹನದ ಸೈಲೆನ್ಸರ್ ಕಳವಾಗಿದೆ, ದೂರು ದಾಖಲಾಗಿದೆ ಎಂದು. ಆ ವಾಹನ ನನ್ನದು. ಸುದ್ದಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಓದಿದವರು ‘ಸೈಲೆನ್ಸರ್ ತಾನೇ, ಹೊಸದೊಂದು ಹಾಕಿಸಿದರಾಯಿತು’ ಎಂದುಕೊಂಡು ಪುಟ ತಿರುವಿರುತ್ತಾರೆ. ನಮ್ಮ ಬೀದಿಯವರೂ ಹಾಗೆಯೇ ಅಂದರು, ಠಾಣೆಯಲ್ಲೂ ಹಾಗೆಯೇ ಅಂದರು. ಕದ್ದದ್ದು ಏನನ್ನು, ಅದು ಯಾರ ಕೈಗೆ ಹೋಗುತ್ತದೆ ಎಂಬುದು ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ಹನ್ನೊಂದು ವರ್ಷದಿಂದ ನಾನು ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದೇನೆ. ಯಜಮಾನರು ತೀರಿಕೊಂಡ ಮೇಲೆ ಅವರ ಗಾಡಿಯ ಸ್ಟೇರಿಂಗ್ ಹಿಡಿದವಳು ನಾನು. ಈಗಿನದು ಎರಡನೆಯ ಗಾಡಿ, 2021ರಲ್ಲಿ ಸಾಲ ಮಾಡಿ ಕೊಂಡದ್ದು, ಹೊಗೆ ನಿಯಂತ್ರಣದ ಬಿ.ಎಸ್.-6 ಮಾನದಂಡದ್ದು. ಸಾಲದ ಕಂತು ಇನ್ನೂ ಮುಗಿದಿಲ್ಲ. ಕುವೆಂಪುನಗರ, ರಾಮಕೃಷ್ಣನಗರ, ಶಾರದಾದೇವಿನಗರ ಸುತ್ತಿ ಒಂಬತ್ತು ಮಕ್ಕಳನ್ನು ಹತ್ತಿಸಿಕೊಳ್ಳುತ್ತೇನೆ. ಮಕ್ಕಳು ನನ್ನನ್ನು ‘ವ್ಯಾನ್ ಆಂಟಿ’ ಎನ್ನುತ್ತಾರೆ.

ಆ ಸೋಮವಾರ ಬೆಳಿಗ್ಗೆ 6.50ಕ್ಕೆ ಕೀಲಿ ತಿರುಗಿಸಿದೆ. ಗದ್ದೆಯ ಬದುವಿನಲ್ಲಿ ಡೀಸೆಲ್ ಪಂಪು ಹೊಡೆದುಕೊಳ್ಳುವ ಹಾಗೆ ಗಾಡಿ ಅಬ್ಬರಿಸಿತು. ಎದುರು ಮನೆಯಲ್ಲಿ ರಂಗೋಲಿ ಬಿಡುತ್ತಿದ್ದ ಅಜ್ಜಿ ಬಟ್ಟಲು ಕೆಳಗಿಟ್ಟು ಎದ್ದುನಿಂತರು. ನಾನು ಗಾಡಿ ಆಫ್ ಮಾಡಿ, ಮೊಬೈಲ್ ಬೆಳಕು ಹಿಡಿದು, ನೆಲಕ್ಕೆ ಕೆನ್ನೆ ತಾಗಿಸಿ ಕೆಳಗೆ ನೋಡಿದೆ. ಎಂಜಿನ್ನಿನಿಂದ ಹೊರಟ ಕೊಳವೆ ಎರಡು ಗೇಣು ಬಂದು ಅಲ್ಲಿಗೇ ನಿಂತುಹೋಗಿತ್ತು. ಕೊಯ್ದ ಬಾಯಿ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಸೆನ್ಸರಿನ ವೈರು ತುಂಡಾಗಿ ನೇತಾಡುತ್ತಿತ್ತು. ಸೈಲೆನ್ಸರನ್ನು ತೂಗುಹಾಕುವ ಕಪ್ಪು ರಬ್ಬರ್ ಬಳೆಗಳು ಎರಡೂ ನೆಲದ ಮೇಲೆ ಬಿದ್ದಿದ್ದವು. ಅವನ್ನು ಮಾತ್ರ ಕೊಯ್ದಿರಲಿಲ್ಲ, ನಾಜೂಕಾಗಿ ಬಿಡಿಸಿದ್ದರು. ಈ ಕೆಲಸ ಗೊತ್ತಿದ್ದವರ ಕೈ ಎಂದು ನನಗೆ ಆಗಲೇ ಅನ್ನಿಸಿತು.

ಪಕ್ಕದ ಮನೆಯವರ ಕ್ಯಾಮೆರಾದಲ್ಲಿ ರಾತ್ರಿ 2.41ಕ್ಕೆ ಸ್ಕೂಟರೊಂದು ಬಂದು ನಿಂತದ್ದು ಕಾಣುತ್ತದೆ, 2.46ಕ್ಕೆ ಹೊರಟದ್ದೂ ಕಾಣುತ್ತದೆ. ಮುಖ ಕಾಣುವುದಿಲ್ಲ, ನಂಬರ್ ಕಾಣುವುದಿಲ್ಲ. ಹಿಂದೆ ಕುಳಿತವನ ತೊಡೆಯ ಮೇಲೆ ಗೋಣಿಚೀಲವೊಂದು ಕಾಣುತ್ತದೆ. ಐದೇ ನಿಮಿಷ. ನಾನು ಮಲಗುವ ಕೋಣೆಗೂ ಗಾಡಿಗೂ ನಡುವೆ ಒಂದು ಗೋಡೆ ಮಾತ್ರ ಇದೆ, ನನಗೆ ಎಚ್ಚರವಾಗಲಿಲ್ಲ.

ಬಹುಕಾಲದಿಂದ ನನ್ನ ಗಾಡಿ ನೋಡುವ ಮೆಕ್ಯಾನಿಕ್ ಬಂದು ಕೆಳಗೆ ಬಗ್ಗಿ ನೋಡಿ ಎದ್ದು, “ಅಕ್ಕ, ಅವರಿಗೆ ಬೇಕಾಗಿದ್ದದ್ದು ಸೈಲೆನ್ಸರ್ ಅಲ್ಲ, ಒಳಗಿರುವ ಕ್ಯಾಟ್” ಎಂದರು. ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅವರು ಕರೆಯುವುದು ಹಾಗೆ. ತಮ್ಮ ಗ್ಯಾರೇಜಿನಲ್ಲಿ ಬಿದ್ದಿದ್ದ, ಅಪಘಾತಕ್ಕೆ ಸಿಕ್ಕಿ ಬಾಯಿ ಒಡೆದ ಒಂದನ್ನು ತೆಗೆದು ತೋರಿಸಿದರು. ಹೊರಗೆ ತುಕ್ಕು ಹಿಡಿದ ತಗಡಿನ ಡಬ್ಬಿ. ಒಳಗೆ ಬೂದು ಬಣ್ಣದ ಪಿಂಗಾಣಿಯ ಗಟ್ಟಿ, ಅದರ ತುಂಬ ಈ ಕಡೆಯಿಂದ ಆ ಕಡೆಗೆ ಹಾಯುವ ಸಣ್ಣ ಸಣ್ಣ ಚೌಕ ತೂತುಗಳು. ಶಾವಿಗೆ ಒರಳಿನ ಬಿಲ್ಲೆಯಲ್ಲಿರುವ ತೂತುಗಳಿಗಿಂತ ಎಷ್ಟೋ ಕಿರಿದು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಆ ತೂತುಗಳ ಗೋಡೆಗೆ ಸವರಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ನಮ್ಮಂಥ ಗಾಡಿಯಲ್ಲಿ ಮೂರೂ ಸೇರಿ ಕೆಲವೇ ಗ್ರಾಂ. ಕಳ್ಳರು ಬರುವುದು ಆ ಪುಡಿಗೆ.

ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ, ರಸಾಯನಶಾಸ್ತ್ರ ಅವಳ ವಿಷಯ. ಅಂದು ಸಂಜೆ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಪೆಟ್ರೋಲ್ ಉರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅರೆಬೆಂದ ಇಂಧನ ಇರುತ್ತದೆ, ಸಾರಜನಕದ ಆಕ್ಸೈಡ್‌ಗಳಿರುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದ ಆ ತೂತುಗಳೊಳಗೆ ಹಾಯುವಾಗ ಇವುಗಳಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ, ಬರೀ ಸಾರಜನಕವಾಗಿ ಬದಲಾಗುತ್ತವೆ. ಲೋಹ ಮಾತ್ರ ಖರ್ಚಾಗುವುದಿಲ್ಲ. ವರ್ಷಗಟ್ಟಲೆ ಓಡಿದ ಗಾಡಿಯಲ್ಲೂ ಅದು ಉಳಿದಿರುತ್ತದೆ, ಹಳೆಯದಕ್ಕೂ ಬೆಲೆ ಬರುವುದು ಅದಕ್ಕೇ. ರೋಡಿಯಂ ಹೆಚ್ಚಾಗಿ ಸಿಗುವುದು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ. 2021ರಲ್ಲಿ ಅದರ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಆಮೇಲೆ ಬಹಳ ಇಳಿದಿದೆ, ಆದರೂ ಗುಜರಿ ಕಬ್ಬಿಣದ ಬೆಲೆಗೆ ಇಳಿದಿಲ್ಲ.

ಇದೇನೂ ನಿನ್ನೆ ಮೊನ್ನೆ ಬಂದ ವಸ್ತುವಲ್ಲ. ನಮ್ಮ ದೇಶದಲ್ಲಿ 1995ರಲ್ಲೇ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಸೀಸ ಬೆರೆತ ಪೆಟ್ರೋಲ್ ಹಾಕಿದರೆ ಈ ಲೋಹದ ಮೇಲೆ ಸೀಸ ಕವಿದು ಅದು ಸತ್ತುಹೋಗುತ್ತದೆ ಎಂದು ಸೀಸರಹಿತ ಪೆಟ್ರೋಲನ್ನೂ ಆಗಲೇ ತಂದರು, 2000ದಲ್ಲಿ ಸೀಸದ ಪೆಟ್ರೋಲನ್ನು ದೇಶದಲ್ಲೆಲ್ಲ ನಿಲ್ಲಿಸಿದರು. 2020ರ ಏಪ್ರಿಲ್‌ನಿಂದ ಬಿ.ಎಸ್.-6. ಈಗ ಸ್ಕೂಟರಿನ ಸೈಲೆನ್ಸರಿನಲ್ಲೂ ಇದು ಇದೆ. ಅಂದರೆ ಬೀದಿಯಲ್ಲಿ ನಿಂತ ಒಂದೊಂದು ಗಾಡಿಯ ಹೊಟ್ಟೆಯಲ್ಲೂ ಬೀಗವಿಲ್ಲದ ಒಡವೆಯ ಡಬ್ಬಿ ಇದೆ.

ಠಾಣೆಯ ಮಾತಿಗೆ ಬರುತ್ತೇನೆ. ಅಲ್ಲಿ ಯಾರೂ ನನ್ನನ್ನು ಒರಟಾಗಿ ಮಾತನಾಡಿಸಲಿಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. “ಗಾಡಿ ಇದೆಯಲ್ಲಮ್ಮ, ಸೈಲೆನ್ಸರ್ ತಾನೇ ಹೋಗಿರುವುದು” ಎಂದು ಸಮಾಧಾನವನ್ನೂ ಹೇಳಿದರು. ದೂರಿನಲ್ಲಿ ‘ಉಪಯೋಗಿಸಿದ ಹಳೆಯ ಸೈಲೆನ್ಸರ್, ಅಂದಾಜು ಬೆಲೆ 4,000 ರೂಪಾಯಿ’ ಎಂದು ಬರೆಸಿದರು. ನಾನೂ ಸಹಿ ಹಾಕಿ ಬಂದೆ.

ರಾತ್ರಿ ಅದರ ಪ್ರತಿಯನ್ನು ವಕೀಲನಾಗಿರುವ ನನ್ನ ಸೋದರಮಾವನ ಮಗನಿಗೆ ತೋರಿಸಿದೆ. ಅವನು ಓದಿ ತಲೆಯ ಮೇಲೆ ಕೈ ಇಟ್ಟುಕೊಂಡ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೆಯ ಕಲಮಿನಲ್ಲಿ ಕಳವಿನ ಬೆಲೆ 5,000 ರೂಪಾಯಿಯ ಒಳಗಿದ್ದು, ಕಳ್ಳ ಮೊದಲ ಸಲ ಶಿಕ್ಷೆಗೆ ಒಳಗಾದವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಆ ಮಟ್ಟದ ಕಳವನ್ನು ಪೊಲೀಸರು ತಾವಾಗಿಯೇ ತನಿಖೆಗೆ ಎತ್ತಿಕೊಳ್ಳಬೇಕಾದ ಅಪರಾಧಗಳ ಸಾಲಿನಿಂದಲೇ ಹೊರಗಿಟ್ಟಿದ್ದಾರೆ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅಂದರೆ ‘4,000’ ಎಂಬ ಒಂದು ಅಂಕಿ ಬರೆದ ಗಳಿಗೆಯಲ್ಲೇ ನನ್ನ ಪ್ರಕರಣದ ಕಾಲು ಮುರಿದಿತ್ತು.

ಮರುದಿನ ಬೆಳಿಗ್ಗೆ ಕಂಪನಿಯ ಷೋರೂಮಿಗೆ ಹೋಗಿ ಅದೇ ಭಾಗದ ದರಪಟ್ಟಿ ಬರೆಸಿಕೊಂಡೆ. ತೆರಿಗೆ ಸೇರಿ 52,400 ರೂಪಾಯಿ. ಅದನ್ನು ಹಿಡಿದು ಮತ್ತೆ ಠಾಣೆಗೆ ಹೋದೆ. ‘ಕ್ಯಾಟಲಿಟಿಕ್ ಕನ್ವರ್ಟರ್ ಸಹಿತ ಸೈಲೆನ್ಸರ್’ ಎಂದು ಬರೆಯಿರಿ, ಬೆಲೆಯನ್ನು ಈ ಪಟ್ಟಿಯಂತೆ ಹಾಕಿ ಎಂದೆ. ಒಂದೂವರೆ ಗಂಟೆ ಕುಳಿತೆ. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ದರಪಟ್ಟಿ ಓದಿ ಎಫ್‌ಐಆರ್ ಹಾಕಿಸಿದರು. ಅವರಿಗೆ ನನ್ನ ನಮಸ್ಕಾರ. ಆದರೆ ಮೈಸೂರಿನಲ್ಲಿ ಗಾಡಿ ಇಟ್ಟುಕೊಂಡಿರುವ ಎಲ್ಲರಿಗೂ ವಕೀಲನಾದ ನೆಂಟನೊಬ್ಬ ಇರುತ್ತಾನೆಯೇ? ಇಂಥ ದೂರು ಬಂದಾಗ ವಸ್ತುವಿನ ಸರಿಯಾದ ಹೆಸರನ್ನೂ ಹೊಸ ಭಾಗದ ಬೆಲೆಯನ್ನೂ ಬರೆಯಬೇಕೆಂದು ನಗರ ಪೊಲೀಸ್ ಆಯುಕ್ತರು ಎಲ್ಲ ಠಾಣೆಗಳಿಗೆ ಒಂದು ಸುತ್ತೋಲೆ ಕಳಿಸಲಿ. ಪ್ರಯಾಣಿಕರನ್ನು ಸಾಗಿಸುವ ವಾಹನದಿಂದ ವಸ್ತು ಕದ್ದರೆ ಏಳು ವರ್ಷದವರೆಗೆ ಶಿಕ್ಷೆ ಹೇಳುವ 305ನೆಯ ಕಲಂ ಕೂಡ ಅದೇ ಸಂಹಿತೆಯಲ್ಲಿದೆ. ಅದು ನಮ್ಮಂಥವರ ಗಾಡಿಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಸರ್ಕಾರಿ ವಕೀಲರನ್ನು ಕೇಳಿ ತಿಳಿಸಲಿ.

ವಿಮೆಯವರದು ಎರಡೇ ಮಾತು. ಗಾಡಿಯೇ ಹೋಗಿದ್ದರೆ ಕೊಡುತ್ತಿದ್ದೆವು, ಬಿಡಿಭಾಗಕ್ಕೆ ಆಗುವುದಿಲ್ಲ ಎಂದರು.

ಆ ದಿನಗಳಲ್ಲಿ ಒಂದು ಗ್ಯಾರೇಜಿನವರು 1,800 ರೂಪಾಯಿಗೆ ಕೆಲಸ ಮುಗಿಸಿಕೊಡುತ್ತೇನೆ ಎಂದರು. ಕನ್ವರ್ಟರ್ ಜಾಗಕ್ಕೆ ನೇರ ಕೊಳವೆ ಬೆಸುಗೆ ಹಾಕಿ, ಸದ್ದು ಅಡಗಿಸಲು ಹಿಂದೆ ಒಂದು ಡಬ್ಬಿ ಕೂರಿಸುವುದು. ‘ನಿಮ್ಮದು ಬಿ.ಎಸ್.-6, ಹೊಗೆ ತಪಾಸಣೆ ವರ್ಷಕ್ಕೊಂದೇ ಸಲ, ಅಷ್ಟರಲ್ಲಿ ನೋಡೋಣ’ ಎಂದರು. 52,400 ಎಲ್ಲಿ, 1,800 ಎಲ್ಲಿ. ಸುಳ್ಳು ಹೇಳುವುದಿಲ್ಲ, ಅವರ ಅಂಗಡಿಯ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ. ನಮ್ಮ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಹೊಗೆಯ ಕೊಳವೆ ಹಾಯುವುದು ಮಕ್ಕಳ ಕಾಲಿನ ಕೆಳಗೆ. ಬೆಸುಗೆಯಲ್ಲಿ ಒಂದು ಸೂಜಿ ತೂತು ಉಳಿದರೂ ಕಿಟಕಿ ಮುಚ್ಚಿದ ಮಳೆಯ ದಿನ ಏನಾಗುತ್ತದೆ? ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ ಎಂದು ಮಗಳು ಹೇಳಿದ್ದಳು. ನನ್ನ ವ್ಯಾನಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಯು.ಕೆ.ಜಿ. ಹುಡುಗಿ, ಹತ್ತಿದ ಐದೇ ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ. ನಿದ್ದೆ ಯಾವುದು, ವಿಷ ಯಾವುದು ಎಂದು ಸ್ಟೇರಿಂಗ್ ಹಿಡಿದ ನನಗೆ ಕನ್ನಡಿಯಲ್ಲಿ ಗೊತ್ತಾಗುತ್ತದೆಯೇ? ಎದ್ದು ಬಂದೆ.

ಒಂಬತ್ತು ದಿನ ಗಾಡಿ ನಿಂತಿತು. ಅಪ್ಪ ಅಮ್ಮಂದಿರು ತಾವೇ ಮಕ್ಕಳನ್ನು ಬಿಟ್ಟು ಬಂದರು. ಇಬ್ಬರು ಮನೆಯವರು ತಿಂಗಳ ಹಣವನ್ನು ಪೂರ್ತಿ ಕೊಟ್ಟು ನನ್ನ ಕೈ ಹಿಡಿದರು. ಒಬ್ಬರು ಬೇರೆ ವ್ಯಾನಿಗೆ ಹೋದರು, ಅವರದೂ ತಪ್ಪಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು ಸಂಗತಿ. ನಾವು ವ್ಯಾನ್ ಓಡಿಸುವವರು ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಒಟ್ಟಿಗೆ ನಿಂತಿರುತ್ತೇವೆ. ನನ್ನ ಕತೆ ಕೇಳಿದ ಒಬ್ಬರು, ತಮ್ಮ ಗಾಡಿಯಲ್ಲೂ ಕೆಲವು ತಿಂಗಳಿಂದ ಮೀಟರ್ ಬೋರ್ಡಿನಲ್ಲಿ ಎಂಜಿನ್ ಗುರುತಿನ ಹಳದಿ ದೀಪ ಉರಿಯುತ್ತಿದೆ, ಹೊಗೆ ಕಣ್ಣು ಉರಿಸುತ್ತದೆ ಎಂದರು. ನಮ್ಮ ಮೆಕ್ಯಾನಿಕ್ ಹತ್ತಿರ ಕರೆದೊಯ್ದೆ. ಅವರು ಕನ್ವರ್ಟರಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ತುಂಬಿದ ಡಬ್ಬಿಯಾದರೆ ಮಂದವಾಗಿ ಸದ್ದಾಗಬೇಕು. ಇದು ಖಾಲಿ ಎಣ್ಣೆ ಡಬ್ಬದ ಹಾಗೆ ಠಣ್ ಎಂದಿತು. ಬಟ್ಟೆಯಿಂದ ಒರೆಸಿ ನೋಡಿದರೆ ಮೇಲ್ಭಾಗದಲ್ಲಿ, ಕೆಳಗೆ ಬಗ್ಗಿದವರಿಗೂ ಕಾಣದ ಕಡೆ, ಉದ್ದಕ್ಕೆ ಕೊಯ್ದು ಮತ್ತೆ ಬೆಸುಗೆ ಹಾಕಿದ ಗೆರೆ. ಅದರ ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಕ್ಲಚ್ ಕೆಲಸಕ್ಕೆಂದು ಎರಡು ದಿನ ಎಲ್ಲೋ ಬಿಟ್ಟಿದ್ದಾಗ ಒಳಗಿನ ತಿರುಳನ್ನು ತೆಗೆದುಕೊಂಡು ಚಿಪ್ಪನ್ನು ಹಿಂದಿರುಗಿಸಿದ್ದಾರೆ. ಅಷ್ಟು ತಿಂಗಳು ಆ ಮನುಷ್ಯ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಅದೇ ಗಾಡಿಯಲ್ಲಿ ಸಾಗಿಸಿದ್ದಾರೆ. ನನ್ನದು ಸದ್ದು ಮಾಡಿದ ಕಳವು, ಅವರದು ಸದ್ದಿಲ್ಲದ್ದು. ಯಾವಾಗ, ಯಾರು ಎಂದು ಹೇಗೆ ತೋರಿಸಲಿ ಎಂದು ಅವರು ದೂರನ್ನೇ ಕೊಡಲಿಲ್ಲ. ಓದುಗರಲ್ಲಿ ಯಾರ ಗಾಡಿಯಲ್ಲಾದರೂ ಆ ಹಳದಿ ದೀಪ ಉರಿಯುತ್ತಿದ್ದರೆ ‘ಸೆನ್ಸರ್ ತೊಂದರೆ, ಪರವಾಗಿಲ್ಲ’ ಎಂಬ ಮಾತು ಕೇಳಿ ಸುಮ್ಮನಿರಬೇಡಿ, ಒಮ್ಮೆ ತಟ್ಟಿಸಿ ನೋಡಿ.

ಹೊಸ ಭಾಗಕ್ಕೆ ಹಣ ಬೇಕಲ್ಲ. ನನ್ನ ಎರಡು ಬಳೆಗಳನ್ನು ತೆಗೆದುಕೊಂಡು ಗಿರವಿ ಅಂಗಡಿಗೆ ಹೋದೆ. ಅಂಗಡಿಯವರು ಬಳೆ ತೂಗಿದರು. ಉದ್ದನೆಯ ಪುಸ್ತಕ ತೆರೆದು ನನ್ನ ಹೆಸರು, ವಿಳಾಸ, ಬಳೆಯ ತೂಕ, ಅದರ ಮೇಲಿನ ಹೂವಿನ ಕೆತ್ತನೆ ಎಲ್ಲ ಬರೆದುಕೊಂಡರು. ಆಧಾರ್ ಕಾರ್ಡಿನ ಪ್ರತಿ ಪಡೆದರು, ಸಹಿ ಹಾಕಿಸಿದರು, ರಸೀದಿ ಹರಿದು ಕೊಟ್ಟರು. ಕರ್ನಾಟಕದಲ್ಲಿ ಗಿರವಿದಾರರಿಗೆ 1961ರ ಕಾಯ್ದೆಯೇ ಇದೆ, ಪರವಾನಗಿ ಬೇಕು, ಲೆಕ್ಕದ ಪುಸ್ತಕ ಇಡಲೇಬೇಕು. ನನ್ನ ಸ್ವಂತ ಬಳೆಯನ್ನು ನಾನು ಒತ್ತೆ ಇಡಲು ಇಷ್ಟೆಲ್ಲ ಬರೆಸಬೇಕು, ಅದು ಸರಿಯಾದದ್ದೇ. ಆದರೆ ನನ್ನ ಗಾಡಿಯ ಪ್ಲಾಟಿನಂ ಇಟ್ಟ ಡಬ್ಬಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದವನು ಯಾವ ಪುಸ್ತಕದಲ್ಲಿ ಹೆಸರು ಬರೆಸಿದ? ಯಾರಿಗೆ ಆಧಾರ್ ಕೊಟ್ಟ? ಆ ರಸೀದಿ ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲು ಇಳಿಯುವಾಗ ಈ ಪತ್ರ ಬರೆಯಲೇಬೇಕು ಎಂದು ನಿರ್ಧರಿಸಿದೆ.

ಕದ್ದ ಕನ್ವರ್ಟರನ್ನು ಯಾರೂ ಮನೆಯಲ್ಲಿ ಇಟ್ಟು ಪೂಜೆ ಮಾಡುವುದಿಲ್ಲ. ಅದರಿಂದ ಲೋಹ ಬೇರ್ಪಡಿಸುವುದಕ್ಕೆ ಕುಲುಮೆ ಬೇಕು, ಆಮ್ಲ ಬೇಕು, ದೊಡ್ಡ ವ್ಯವಸ್ಥೆ ಬೇಕು. ಸ್ಕೂಟರಿನಲ್ಲಿ ಬಂದ ಇಬ್ಬರು ಹುಡುಗರಿಂದ ಆಗುವ ಕೆಲಸವಲ್ಲ. ಅವರು ಐದಾರು ಸಾವಿರಕ್ಕೆ ಯಾರಿಗೋ ಕೊಡುತ್ತಾರಂತೆ, ಅವರಿಂದ ಇನ್ನೊಬ್ಬರು, ಅಲ್ಲಿಂದ ಚೀಲಗಟ್ಟಲೆ ಪುಡಿಯಾಗಿ ಹೊರ ರಾಜ್ಯಕ್ಕೆ. ಕಳ್ಳ ಕತ್ತಲಲ್ಲಿ ಬಂದು ಹೋಗುತ್ತಾನೆ. ಕೊಳ್ಳುವವನು ಮಾತ್ರ ಹಗಲಿನಲ್ಲಿ, ಒಂದು ವಿಳಾಸದಲ್ಲಿ, ತಕ್ಕಡಿ ಇಟ್ಟುಕೊಂಡು ಕುಳಿತಿರುತ್ತಾನೆ. ಕಳವಿನ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಮೂರು ವರ್ಷದವರೆಗೆ ಜೈಲು ಎಂದು ನ್ಯಾಯ ಸಂಹಿತೆಯ 317ನೆಯ ಕಲಂ ಹೇಳುತ್ತದೆ. ಪುಸ್ತಕವೇ ಇಲ್ಲದ ಅಂಗಡಿಯಲ್ಲಿ ‘ನನಗೇನು ಗೊತ್ತು ಸ್ವಾಮಿ’ ಎಂದರೆ ಪ್ರಕರಣ ಮುಗಿಯಿತು.

ಬೀದಿ ಬೀದಿ ಸುತ್ತಿ ಹಳೆ ಪೇಪರ್, ಖಾಲಿ ಸೀಸೆ, ಮುರಿದ ಬಕೆಟ್ ಕೊಂಡು ಬದುಕುವವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರಿಲ್ಲದಿದ್ದರೆ ಮೈಸೂರು ಸ್ವಚ್ಛ ನಗರ ಎಂದು ಹೆಸರು ಪಡೆಯುತ್ತಿರಲಿಲ್ಲ. ನಾನು ಕೇಳುತ್ತಿರುವುದು ಗಾಡಿಯ ಈ ಒಂದು ಭಾಗದ ವ್ಯಾಪಾರದ ಬಗ್ಗೆ. ಇಂಗ್ಲೆಂಡಿನಲ್ಲಿ 2013ರ ಕಾಯ್ದೆಯ ಪ್ರಕಾರ ಗುಜರಿ ಲೋಹಕ್ಕೆ ನಗದು ಕೊಡುವ ಹಾಗೆಯೇ ಇಲ್ಲ, ಮಾರುವವನ ಗುರುತು ನೋಡಿ ಬರೆದಿಡಲೇಬೇಕು. ಅಮೆರಿಕದಲ್ಲಿ ವಿಮಾ ಕಂಪನಿಗಳ ಅಪರಾಧ ತಡೆ ಸಂಸ್ಥೆಯ ಲೆಕ್ಕಕ್ಕೆ ಬಂದ ಇಂಥ ಕಳವು 2018ರಲ್ಲಿ 1,298 ಇದ್ದದ್ದು 2020ರಲ್ಲಿ 14,433 ಆಯಿತು. ಆಮೇಲೆ ಅಲ್ಲಿನ ರಾಜ್ಯಗಳು ಒಂದೊಂದಾಗಿ ಕೊಳ್ಳುವವರ ಮೇಲೆ ಕಾನೂನು ತಂದವು. ನಮ್ಮಲ್ಲಿ ಅಷ್ಟರವರೆಗೆ ಕಾಯಬೇಕೇ?

ಗುಜರಿ ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ. ಆ ಪರವಾನಗಿಯಲ್ಲಿ ಒಂದು ಷರತ್ತು ಸೇರಿಸಲಿ. ಕ್ಯಾಟಲಿಟಿಕ್ ಕನ್ವರ್ಟರನ್ನಾಗಲಿ, ಅದರ ಪುಡಿಯನ್ನಾಗಲಿ ಕೊಳ್ಳುವಾಗ ಮಾರುವವನ ಗುರುತಿನ ಚೀಟಿ, ಗಾಡಿಯ ಆರ್.ಸಿ. ಅಥವಾ ಗ್ಯಾರೇಜಿನ ಬಿಲ್ಲು, ಒಂದು ಫೋಟೊ ಇಟ್ಟುಕೊಳ್ಳಬೇಕು, ಹಣ ಬ್ಯಾಂಕ್ ಖಾತೆಗೇ ಹೋಗಬೇಕು. ಆ ಪುಸ್ತಕವನ್ನು ಬೀಟ್ ಪೊಲೀಸರು ವಾರಕ್ಕೊಮ್ಮೆ ನೋಡಲಿ. ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ, ಗಾಡಿ ಒಯ್ದಾಗ ಆರ್‌ಟಿಒ ಕಚೇರಿಯವರು ಲೈಟು, ಬ್ರೇಕು, ಹಾರನ್ನು ನೋಡುವ ಹಾಗೆ ಇದನ್ನೂ ತಟ್ಟಿ ನೋಡಲಿ. ದಸರೆಗೆ ಮೊದಲೇ ಇದಾದರೆ ಒಳ್ಳೆಯದು. ಆ ಹತ್ತು ದಿನ ಹೊರಗಿನಿಂದ ಬಂದವರ ಗಾಡಿಗಳು ನಮ್ಮ ಬೀದಿಗಳಲ್ಲೆಲ್ಲ ರಾತ್ರಿಯಿಡೀ ನಿಂತಿರುತ್ತವೆ.

ಹೊಸ ಕನ್ವರ್ಟರಿನ ಮೇಲೆ ನನ್ನ ಗಾಡಿಯ ನಂಬರನ್ನು ಎರಡು ಕಡೆ ಕೊರೆಸಿದ್ದೇನೆ. ಅಂಗಡಿಯಲ್ಲಿ ಹಿತ್ತಾಳೆ ಪಾತ್ರೆಗೆ ಹೆಸರು ಕೆತ್ತುವವರೇ ಯಂತ್ರ ತಂದು ಕೊರೆದುಕೊಟ್ಟರು, 150 ರೂಪಾಯಿ ತೆಗೆದುಕೊಂಡರು. ಬೋಲ್ಟುಗಳ ತಲೆಗೆ ಬೆಸುಗೆಯ ಚುಕ್ಕೆ ಇಡಿಸಿದ್ದೇನೆ. ಶಾಲೆಯ ಗೇಟಿನ ಬಳಿ ನಿಲ್ಲುವ ಇನ್ನೂ ಆರು ವ್ಯಾನಿನವರು ಹೀಗೆಯೇ ಮಾಡಿಸಿದರು. ಎಲ್ಲ ವಾಹನ ತಯಾರಕರೂ ಚಾಸಿಸ್ ನಂಬರನ್ನು ಈ ಭಾಗದ ಮೇಲೂ ಒತ್ತಿಯೇ ಕಳಿಸಿದರೆ ನಮ್ಮಂಥವರು ಪಾತ್ರೆ ಅಂಗಡಿಗೆ ಅಲೆಯುವುದು ತಪ್ಪುತ್ತದೆ.

ಕಳುವಾದದ್ದರ ಮೇಲೆ ನಂಬರ್ ಇರಲಿಲ್ಲ. ಆದರೆ ಅದರ ಎಡ ಮಗ್ಗುಲಲ್ಲಿ ಹೆಬ್ಬೆಟ್ಟಿನಗಲದ ಒಂದು ತಗ್ಗು ಇದೆ, ನಂಜುಮಳಿಗೆ ಕಡೆಯ ಒಂದು ರಸ್ತೆ ಉಬ್ಬಿಗೆ ತಾಗಿ ಆದದ್ದು. ಮೇಲೆ ಶಾಖ ತಡೆಯುವ ತಗಡಿಗೆ ನಾಲ್ಕು ಬೋಲ್ಟುಗಳಿವೆ, ಮೂರು ಕಪ್ಪು, ಒಂದು ಹಿತ್ತಾಳೆ ಬಣ್ಣದ್ದು. ಒಂದು ಕಳಚಿ ಬಿದ್ದಿದ್ದಾಗ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. ಸೆನ್ಸರಿನಲ್ಲಿ ಗೇಣುದ್ದದ ತುಂಡು ವೈರು ಉಳಿದಿರಬೇಕು. ಇಂಥದ್ದನ್ನು ಯಾರಾದರೂ ಯಾವುದಾದರೂ ತಕ್ಕಡಿಯ ಮೇಲೆ ಕಂಡರೆ ದಯವಿಟ್ಟು 112ಕ್ಕೆ ಕರೆ ಮಾಡಿ.

ಇಂತಿ,
ಶಾಲಾ ವ್ಯಾನ್ ಚಾಲಕಿ,
ಜೆ.ಪಿ. ನಗರ, ಮೈಸೂರು